ಪೆಟ್ಟಿಗೆಯ ಬೆನ್ನು

ಮೂವತ್ತೈದು ದಾಟಿದ ಮನೆಗಾಡಿ ನಮ್ಮದು.
ಮುಂದಿನ ಬಾಗಿಲು ಬಿಳಿ,
ಹಿಂದಿನದು ಇನ್ಯಾವುದೋ ವ್ಯಾನಿನ ಬಿಳಿ.
ವೈಯಾಲಾದ ಅದಿರಿನ ಧೂಳು ಕೂತು
ಎರಡೂ ಈಗ ಒಂದೇ ಕೆಂಪು.

ಗ್ಲೆನಿಸ್ ಅಡಿಗೆ ತೂರಿ
ಚಾಸಿಯನ್ನು ಬೆರಳಿಂದ ತಟ್ಟಿ ತಟ್ಟಿ ಕೇಳಿದಳು,
ಗಡಿಗೆ ಕೊಳ್ಳುವವರ ಹಾಗೆ.
ಇಲ್ಲಿ ತುಕ್ಕು. ಇಲ್ಲಿ ಪರವಾಗಿಲ್ಲ.
ಆಮೇಲೆ ಅವಳು ಹೇಳಿದ್ದು ಕಿಲೋಗಳಲ್ಲಿ;
ನನಗೆ ಕೇಳಿಸಿದ್ದು:
ಹಿಂದೆ ನೇತ ಸೇರು
ಅಚ್ಚಿಗೆ ಪಂಚೇರು.

ಅಲ್ಯೂಮಿನಿಯಂ ಪೆಟ್ಟಿಗೆ, ಎಂಟು ಬೋಲ್ಟು,
ನಂಬರ್ ಪ್ಲೇಟಿಗೆ ಹೊಸ ಜಾಗ, ಅದಕ್ಕೊಂದು ಪುಟ್ಟ ದೀಪ.
ಒಳಗಿದ್ದದ್ದು ಹೊರಬಿತ್ತು:
ಜಾಕು, ಕೊಳಚೆನೀರಿನ ಪೈಪು, ಬಕೆಟ್ಟು,
ಏಡಿ ಹಿಡಿಯುವ ಬಲೆ, ಅದರ ವಾಸನೆ.
ವಾಸನೆ ಅರ್ಧ ಮಾತ್ರ ಹೋಯಿತು.

ಹಿಂದಿನ ಕಿಟಕಿಯಲ್ಲಿ ಇನ್ನು ರಸ್ತೆಯಿಲ್ಲ,
ಪೆಟ್ಟಿಗೆಯ ಬೆನ್ನು.
ದಾರಿಯುದ್ದ ಕನ್ನಡಿ ನೋಡುವುದು, ಬೈದುಕೊಳ್ಳುವುದು.

ರಾತ್ರಿ ಕಡಲಂಚಿಗೆ ನಿಲ್ಲಿಸಿ ಮಲಗಿದೆವು.
ಆರು ವರ್ಷ ಬಕೆಟ್ಟಿಗೆ ಜಾಗ ಬಿಟ್ಟು ಮಡಚಿದ್ದ ಕಾಲು
ಚಾಚಿದೆ. ಏನೂ ತಗಲಲಿಲ್ಲ.
ಇನ್ನಷ್ಟು ಚಾಚಿದೆ.

"ಅದು ನನ್ನ ಕಾಲು," ಅಂದಳು ಚಾರುಮತಿ,
"ಇಷ್ಟು ದಿನ ಎಲ್ಲಿತ್ತೋ ನಿನ್ನದು?"