ಎರಡನೆಯ ಸಾಕ್ಷಿ

ನನ್ನನ್ನು ಕರೆದದ್ದು ಜೆರಾಕ್ಸಿಗಲ್ಲ.
ಬರಬೇಕಿದ್ದ ಒಬ್ಬ ಸಾಕ್ಷಿ ಬಂದಿರಲಿಲ್ಲವಂತೆ,
“ಅಂಗಡಿ ಅಕ್ಕಾ, ಎರಡು ನಿಮಿಷ, ಆಧಾರ್ ತಗೊಂಡು ಬನ್ನಿ.”
ಷಟರ್ ಅರ್ಧ ಎಳೆದು ರಸ್ತೆ ದಾಟಿದೆ.

ಅವಳ ಹೆಸರು ಹೇಳುವಂತಿಲ್ಲ,
ಅದಕ್ಕೂ ಸಹಿ ಹಾಕಿದ್ದೇನೆ.
ಬಾಗೇಪಲ್ಲಿ ಕಡೆಯವಳು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸ,
ಬಿಸಿನೀರಿಗೆ ಬೆಂದು ಬೆಳ್ಳಗಾದ ಬೆರಳ ತುದಿ.
ಮಗು ಹನ್ನೊಂದು ದಿನದ್ದು, ಮಡಿಲಲ್ಲಿ ನಿದ್ದೆ.

ಮೇಡಂ ಓದಿದರು:
ಮದುವೆಯಾಗಿದ್ದರೆ ಇಬ್ಬರ ಸಹಿಯೂ ಬೇಕು,
ಆಗಿಲ್ಲದಿದ್ದರೆ ತಾಯಿಯದೊಂದೇ ಸಾಕು.
ಸಾಕು.
ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ.
ಅವಳ ತೆಲುಗಿನಲ್ಲಿ ಅವು ಬೇರೆ ಬೇರೆ ಮಾತು,
ಒಂದನ್ನು ಇನ್ನೊಂದೆಂದು ತಿಳಿಯುವ ಭಯವಿಲ್ಲ.

ಆಮೇಲೆ ‘ಅಧ್ಯರ್ಪಣೆ’ ಎಂದರು.
“ಅಂಟೇ?” ಎಂದು ನನ್ನ ಕಡೆ ತಿರುಗಿದಳು.
ಬಿಟ್ಟುಬಿಡೋದಮ್ಮಾ, ಎಂದೆ.
“ಬಿಡೋಕೆ ಇಲ್ಲೀಗಂಟ ಬರಬೇಕಾಗಿತ್ತಾ?
ಬಸ್‌ಸ್ಟ್ಯಾಂಡ್ ಇತ್ತಲ್ಲ.
ಕೊಡೋದು ಅಂತ ಬರೀರಿ.”
ನಮೂನೆಯಲ್ಲಿ ಆ ಪದಕ್ಕೆ ಜಾಗವಿರಲಿಲ್ಲ.

ಅರವತ್ತು ದಿನ, ಎಂದರು ಮೇಡಂ.
ಅಷ್ಟರೊಳಗೆ ಮನಸ್ಸು ತಿರುಗಿದರೆ ಬಾ,
ಕರೆದುಕೊಂಡು ಹೋಗು. ಅದು ನಿನ್ನ ಹಕ್ಕು.
ಅರವತ್ತೊಂದನೆಯ ದಿನದ ಬಗ್ಗೆ
ಸ್ವಲ್ಪ ಮೆಲ್ಲಗೆ ಹೇಳಿದರು.
ಅವಳು ಬೆರಳು ಮಡಿಸಿದಳು: “ಎರಡು ಬೆಳೆ ಹುಳ.”
ಚಾಕಿಯಿಂದ ಗೂಡಿನವರೆಗೆ,
ಮತ್ತೆ ಚಾಕಿಯಿಂದ ಗೂಡಿನವರೆಗೆ.

ಮೂರನೇ ಕ್ಲಾಸಿನ ದುಂಡು ಅಕ್ಷರ,
ಹೆಸರಿನ ಕೊನೆಯ ಒತ್ತು ಬಿಟ್ಟುಹೋಗಿತ್ತು.
ಗುಮಾಸ್ತ ತಿದ್ದಿಸಲು ಹೋದ. ಮೇಡಂ ಬೇಡವೆಂದರು.
ಅದರ ಕೆಳಗೆ ನಾನು:
ಸಾಕ್ಷಿ ಎರಡು, ಪಿ. ವನಜಾಕ್ಷಿ, ಅಂಗಡಿಯ ವಿಳಾಸ.
ಎದ್ದು ಹೋಗುವಾಗ ಅವಳು ಕೈ ಚಾಚಿ
ನನ್ನ ಪೆನ್ನು ನನಗೇ ಕೊಟ್ಟಳು.

ಎಣಿಸು ಎಂದು ನನಗೆ ಯಾರೂ ಹೇಳಿಲ್ಲ.
ಸಾಕ್ಷಿಯ ಕೆಲಸ ಸಹಿಗೆ ಮುಗಿಯುತ್ತದೆ.
ಆದರೂ ಕ್ಯಾಲೆಂಡರಿನಲ್ಲಿ
ಪೇಪರಿನವನ ಬಾಕಿ ಬರೆಯುವ ಪಕ್ಕದಲ್ಲಿ ಗೀಟುಗಳಿವೆ.
ಇವತ್ತಿಗೆ ಐವತ್ತೆಂಟು.

ಶಿಡ್ಲಘಟ್ಟದ ಬಸ್ಸು ನಿಂತ ಸದ್ದಿಗೆ
ಮುಚ್ಚಳ ಎತ್ತಿದ್ದ ಹಾಗೇ ಬಟನ್ ಒತ್ತಿಬಿಟ್ಟೆ.
ಹಸಿರು ಬೆಳಕು ಗಾಜಿನುದ್ದ ಹರಿದುಹೋಗಿ
ಹಾಳೆ ಪೂರ್ತಿ ಕಪ್ಪಗೆ ಬಂತು, ಬಿಸಿಬಿಸಿ.

ಇಳಿದವರು ಮೂವರು.
ಕೊಡೆ ಹಿಡಿದ ಮುದುಕ ನೇರ ನನ್ನ ಅಂಗಡಿಗೇ ಬಂದು
ಪಹಣಿ ಚಾಚಿದ.
ಎಷ್ಟು ಪ್ರತಿ, ಎಂದೆ, ರಸ್ತೆಯ ಕಡೆಗೇ ನೋಡುತ್ತ.
ಒಂದು ಸಾಕು, ಎಂದ.