ಮುಕ್ಕಾಲು ಸುತ್ತು

ಡಾಕ್ಟರಮ್ಮ ಬಿಳಿ ಹಾಳೆ ಮೇಲೆ ಕರುಳು ಬರೆದು
ಅದರ ಬಗಲಿಗೊಂದು ಗಂಟು ಬರೆದು
ಗಂಟಿನ ಸುತ್ತ ಕೆಂಪು ಪೆನ್ನಲ್ಲಿ ಬೇರು ಎಳೆದರು.
"ಸಾಸಿವೆಯಷ್ಟಿದ್ದಾಗ ಪಕ್ಕದ ತೇವದಲ್ಲೇ ಬದುಕುತ್ತೆ, ಪಿಳ್ಳಪ್ಪ.
ಬೆಳೀತಾ ಬೆಳೀತಾ ಒಳಗೇ ಉಸಿರು ಕಟ್ಟುತ್ತೆ.
ಆಗ ಒಂದು ಪದಾರ್ಥ ಬಿಡುತ್ತೆ,
ಹತ್ತಿರದ ರಕ್ತನಾಳಕ್ಕೆ ಹೇಳಿ ಕಳಿಸಿದ ಹಾಗೆ:
ಬಾ, ಈ ಕಡೆಗೊಂದು ಕವಲು ಒಡಿ."
ಅದಕ್ಕೂ ನಮ್ಮ ಬೋರ್ಡಿನ ಹಾಗೆ ಉದ್ದನೆ ಇಂಗ್ಲಿಷ್ ಹೆಸರು,
ವಿ.ಇ.ಜಿ.ಎಫ್. ಅಂತ ಚಿಕ್ಕದು ಮಾಡಿಕೊಂಡಿದ್ದಾರೆ.

ನನಗಿದನ್ನು ಕೆಂಪು ಪೆನ್ನಲ್ಲಿ ಹೇಳಬೇಕಿರಲಿಲ್ಲ.
ಮೂವತ್ತೊಂದು ವರ್ಷ ನೀರು ಬಿಟ್ಟವನು.
ಸುಂಕದಕಟ್ಟೆಯಿಂದ ಹೆಗ್ಗನಹಳ್ಳಿ ತನಕ
ಯಾವ ಮೋರಿ ಪಕ್ಕ ಯಾವ ವಾಲ್ವ್ ಅಂತ
ಕತ್ತಲಲ್ಲಿ ಕಾಲೇ ಹೇಳುತ್ತಿತ್ತು.
ಪ್ಲ್ಯಾನಿಲ್ಲ, ಖಾತೆಯಿಲ್ಲ,
ಕೆರೆ ಅಂಗಳದಲ್ಲಿ ಮೊದಲು ನಾಲ್ಕು ಶೀಟಿನ ಮನೆ.
ಕೊಡ ಹಿಡಿದು ಪಕ್ಕದ ಬೀದಿ ನಲ್ಲಿಗೆ ಬರುತ್ತಾರೆ.
ನಲವತ್ತಾದ ಮೇಲೆ ಅರ್ಜಿ.
ಅರ್ಜಿಗೂ ಮುಂಚೆ, ರಾತ್ರಿ, ಅರ್ಧ ಇಂಚಿನ ಪೈಪು,
ಸೊಟ್ಟಂಬಟ್ಟ, ಜೋಡಿಸಿದಲ್ಲೆಲ್ಲ ಸೋರಿಕೆ.

"ಇದರ ನಾಳಗಳೂ ಹಾಗೇ" ಅಂದರು.
"ಆ ಸಂದಿಯಲ್ಲೇ ನುಸುಳಿ ಲಿವರಿಗೆ ಹೋಗಿದೆ."
ಲಿವರ್ ಅಂದರೆ ಈಲಿ.
ಭಾನುವಾರ ಕಟ್ಟಿಸಿಕೊಂಡು ಬರುತ್ತಿದ್ದೆ, ಕಾಲು ಕೆ.ಜಿ.

"ನನ್ನ ಮೈಯೇ ಯಾಕಮ್ಮ ಕೊಟ್ಟಿತು? ಯಾರು ಸಹಿ ಹಾಕಿದ್ದು?"
"ಗಾಯ ಮಾಯೋದಕ್ಕೂ ಇದೇ ಬೇಕು ಪಿಳ್ಳಪ್ಪ,
ಹೊಟ್ಟೇಲಿ ಮಗು ಬೆಳೆಯೋದಕ್ಕೂ.
ಮೈಗೆ ಕೇಳಿಸೋದು ಬಾಯಾರಿಕೆ.
ಯಾರ ಬಾಯಿ ಅಂತ ಅದು ನೋಡಲ್ಲ."

ಸುಮ್ಮನಾದೆ.
ಮೈ ಲಂಚ ತಿಂದಿರಲಿಲ್ಲ.
ನಾನು ತಿಂದಿದ್ದೇನೆ, ಇನ್ನೂರು, ಯುಗಾದಿಗೆ ಐನೂರು.
ಒಂದೇ ಒಂದು ಸಲ, ಜಮರೂದ್‌ಬೀ ಅನ್ನೋ ಬಾಣಂತಿ
ಖಾಲಿ ಬಿಂದಿಗೆ ನನ್ನ ಸೈಕಲ್ ಮುಂದಿಟ್ಟು ಕೂತುಬಿಟ್ಟಳು;
ಕಾಸಿಲ್ಲದೆ ತಿರುಗಿಸಿದೆ.

ಈಗ ಹದಿನೈದು ದಿನಕ್ಕೊಮ್ಮೆ ಹೊಸೂರು ರಸ್ತೆಯ ಆಸ್ಪತ್ರೆ.
ಒಂದು ಬಾಟಲಿ ಕೀಮೋ.
ಇನ್ನೊಂದು, ಗಂಟು ಬರೆದ ಅರ್ಜಿಯನ್ನು ದಾರಿಯಲ್ಲೇ ಹಿಡಿಯುವುದು.
ಬಿ.ಪಿ. ಏರಿದೆ.
ಲೈನ್ ಮುಚ್ಚಿದರೆ ಹಿಂದೆ ಒತ್ತಡ, ಅಷ್ಟು ನನಗೂ ಗೊತ್ತು.
ಗೊತ್ತಿರದಿದ್ದುದು ಮೊಣಕಾಲ ಕೆಳಗಿನ ಈ ತರಚು:
ಹೊಸ ಹುಡುಗನಿಗೆ ತೋರಿಸಿಕೊಡುವಾಗ ಕಬ್ಬಿಣದ ಕೀ ತಗುಲಿದ್ದು,
ಆರು ವಾರವಾದರೂ ಬಾಯಿ ಮುಚ್ಚಿಲ್ಲ.

ಆ ಕಾಲೋನಿಯ ಕಳ್ಳ ಲೈನ್ ಕತ್ತರಿಸಿದ ವಾರ
ಹಿಂದಿನ ಅಂಗನವಾಡಿಗೂ ನೀರು ನಿಂತಿತ್ತು.
ಟೀಚರಮ್ಮ ಕೇಳಿದ್ದಕ್ಕೆ
ಮೇಲಿನ ಆರ್ಡರು ಅಂದಿದ್ದೆ.

ಸಿಸ್ಟರ್ ಹೊಸಬಳು. ಡ್ರಿಪ್ಪಿನ ಚಕ್ರ ಪೂರ್ತಿ ತಿರುಗಿಸಲು ಹೋದಳು.
"ಮುಕ್ಕಾಲು ಸುತ್ತು ಸಾಕಮ್ಮ,
ಒಂದೇ ಸಲ ಬಿಟ್ಟರೆ ಕೆಸರು ಏಳುತ್ತೆ."
ನಕ್ಕಳು. ಆಮೇಲೆ ಗಡಿಯಾರ ನೋಡಿ ಹನಿ ಎಣಿಸಿದಳು.

ತೊರೆಕಾಡನಹಳ್ಳಿ ಬಿಟ್ಟ ನೀರು ಈ ಹೊತ್ತಿಗೆ ಎಲ್ಲಿ ಹತ್ತುತ್ತಿದೆಯೋ.
ಇವತ್ತು ಬುಧವಾರ, ಹೆಗ್ಗನಹಳ್ಳಿ ಸರದಿ.
ಆ ಹುಡುಗ
ಕೀ ತಂದಿದ್ದಾನೋ ಇಲ್ಲವೋ.