ಮೂರು ಸಲ

ಐತವಾರ ಬಿಟ್ಟರೆ ಇವರು ಹಾಸುವುದಿಲ್ಲ.
ಅದಕ್ಕೇ ನನ್ನ ಭಾಲ್ಕಿ ಡ್ಯೂಟಿ ಸಂಗಮ್ಮಳಿಗೆ ದಾಟಿಸಿ,
ಅವಳ ಬುಧವಾರದ ವಸ್ತಿ ಬಸ್ಸು ನಾನು ಹೊತ್ತು,
ಬೀದರದ ಉಸ್ಮಾನ್‌ಗಂಜಿನ ಹಿಂದಿನ ಓಣಿಗೆ ಏಳಕ್ಕೇ ಬರುತ್ತೇನೆ,
ಬಿಸಿಲು ಇನ್ನೂ ಗೋಡೆಯಿಂದ ಇಳಿದಿರುವುದಿಲ್ಲ.

ತಾಡಪತ್ರಿಯ ಮೇಲೆ
ಕಿವಿ ಮುರಿದ ಚಹಾ ಕಪ್ಪು, ಗಾಜಿಲ್ಲದ ಚಾಳೀಸು,
ಕುಕ್ಕರಿನ ಸೀಟಿಗಳದೇ ಒಂದು ರಾಶಿ,
ಯಾರದೋ ಎಡಗಾಲಿನ ಬೂಟು.
ಬಾಳೆಹಣ್ಣಿನ ಡಬ್ಬದಲ್ಲಿ ನಿಲ್ಲಿಸಿಟ್ಟ ಪ್ಲೇಟುಗಳು.
ತವಾ ಅನ್ನುತ್ತಾನೆ ಖುದ್ದೂಸ್ ಭಾಯ್.
"ಬರ್ರಿ ಆಪಾ, ನಾಲ್ಕು ತವಾ ಹೊಸಾವು ಬಂದಾವ, ಚಿಟಗುಪ್ಪಾದಿಂದ."
ಹೊಸಾವು ಅಂದರೆ ಐವತ್ತು ವರ್ಷದವು.

ಒಂದೊಂದೇ ತೆಗೆದು
ಅಂಚು ಅಂಗೈಗೆ ಆನಿಸಿ, ಬಿಸಿಲಿಗೆ ಓರೆ ಹಿಡಿಯುತ್ತೇನೆ.
ಉಳಿದ ಗಿರಾಕಿಗಳು ಗೀರು ಕಂಡರೆ ಕೆಳಗಿಡುತ್ತಾರೆ.
ನಾನು ಗೀರಿಲ್ಲದ್ದನ್ನು.
"ನಿಮ್ಮದೇನೋ ಉಲ್ಟಾ ಹಿಸಾಬ್," ಅಂತ ಅವನು ಚಹಾ ಹೇಳುತ್ತಾನೆ.

ಹಿಸಾಬು ಇಷ್ಟೇ. ಅವ್ವನ ಲಗ್ನ ಆದದ್ದು ಹಳ್ಳಿಖೇಡದಲ್ಲಿ.
ರೇವಣಪ್ಪನ ಸೌಂಡ್ ಸರ್ವಿಸ್, ಬೇವಿನ ಗಿಡಕ್ಕೆ ಎರಡು ಭೋಂಗಾ,
ಪ್ಲೇಟಿಗೆಲ್ಲ ಬಿಳಿ ಬಣ್ಣದಲ್ಲಿ ನಂಬರು.
ನಲವತ್ತೊಂದನ್ನೇ ಎರಡು ದಿನ ಹಚ್ಚಿದನಂತೆ:
ಅರಿಷಿಣ ಹಚ್ಚುವಾಗ, ಬೀಗರನ್ನು ಎದುರುಗೊಳ್ಳುವಾಗ,
ಬಂಗಾರದ ಮಾತಿಗೆ ಜಗಳ ಹತ್ತಿ ಪಂಕ್ತಿ ಎದ್ದಾಗ
ಜಗಳ ಓಣಿಗೆ ಕೇಳಬಾರದೆಂದು ಇನ್ನೂ ಜೋರಾಗಿ.
ಒಂದು ಕಡೆ ಮುಳ್ಳು ಸಿಕ್ಕಿಬೀಳುತ್ತಿತ್ತು.
ಒಂದೇ ಮಾತು ಮೂರು ಸಲ.
ಆಮೇಲೆ ರೇವಣಪ್ಪನ ಹುಡುಗ ಬೆರಳಿನಿಂದ ದೂಡಿದರೆ ಮುಂದಕ್ಕೆ.

ಅವ್ವ ಆ ಹಾಡು ಬೇರೆಲ್ಲೂ ಕೇಳಿರಲಿಲ್ಲ.
ಹಾಗಾಗಿ ಮೂರು ಸಲವೇ ಕಲಿತಳು.
ರೊಟ್ಟಿ ಬಡಿಯುತ್ತ ಬಡಿಯುತ್ತ ಅಲ್ಲಿಗೆ ಬಂದರೆ
ಅಂದು, ಅಂದು, ಮತ್ತೊಮ್ಮೆ ಅಂದು,
ಹಂಚಿನ ಮೇಲಿನದನ್ನು ತಿರುವಿ ಹಾಕಿ
ಮುಂದೆ.
ನಾವು ಮೂವರು ಮಕ್ಕಳೂ ಹಾಗೇ ಹಾಡಿದೆವು.
ಸಾಲಿಯ ಗ್ಯಾದರಿಂಗಿನಲ್ಲಿ ಜನ ಯಾಕೆ ನಕ್ಕರು ಅಂತ
ನನಗೆ ತಿಳಿದದ್ದು ನೌಕರಿ ಹತ್ತಿದ ಮೇಲೆ,
ಬಸ್ಸಿನಲ್ಲಿ ಡ್ರೈವರ್ ಟೇಪು ಹಚ್ಚಿದಾಗ.

ಹೋದ ವರ್ಷ ಮೊಬೈಲಿನಲ್ಲಿ ಹುಡುಕಿ ಕೇಳಿಸಿದೆ.
ತೊಳೆದಿಟ್ಟಂಥ ಹಾಡು. ಎಲ್ಲೂ ತಡೆಯಿಲ್ಲ.
ಜೊತೆಗೆ ತುಟಿಯಾಡಿಸುತ್ತಿದ್ದ ಅವ್ವ ಆ ಜಾಗದಲ್ಲಿ ಹಿಂದೆ ಉಳಿದಳು,
ಕೈ ಮಾಡಿದರೂ ನಿಲ್ಲಿಸದೆ ಹೋದ ಬಸ್ಸನ್ನು ನೋಡುವವರ ಹಾಗೆ
ಮೊಬೈಲು ನೋಡಿದಳು.
"ಇದು ಅಲ್ಲ ಬಿಡು. ಇವರಿಗೆ ಪೂರ್ತಿ ಬರಂಗಿಲ್ಲ."

ರೇವಣಪ್ಪ ಹೋದ ಮೇಲೆ
ಅವನ ಸೊಸೆ ಪ್ಲೇಟುಗಳನ್ನು ತೂಕಕ್ಕೆ ಹಾಕಿದಳು.
ಹುಮನಾಬಾದಿನ ಒಬ್ಬ ಕೆಲವಕ್ಕೆ ಮುಳ್ಳು ಕೂಡಿಸಿ ಗಡಿಯಾರ ಮಾಡಿದ,
ಕೆಲವನ್ನು ಬಿಸಿನೀರಿಗೆ ಅದ್ದಿ ಬಗ್ಗಿಸಿ ಬಟ್ಟಲು.
ಶೇಂಗಾ ತಿಂದು ಮುಗಿದಾಗ ತಳದಲ್ಲಿ ಹದಿನೇಳು ಕಂಡಿದ್ದೇನೆ.
ಒಂದು ಸಲೂನಿನ ಗೋಡೆಯ ಮೇಲೆ ಮೂವತ್ತು,
ಹತ್ತು ನಿಮಿಷ ಹಿಂದೆ ನಡೆಯುತ್ತಿತ್ತು.

ಇವತ್ತು ಡಬ್ಬದ ತಳದಲ್ಲಿ, ಕವರಿಲ್ಲದೆ, ಅದೇ ಹಾಡು.
ಬಿಳಿ ಬಣ್ಣದ ಅಂಕಿಯೂ ಇದೆ.
ಒಂಬತ್ತು.
ತಲೆಕೆಳಗು ಹಿಡಿದೆ. ಆರು.
ನನ್ನ ಮುಖ ನೋಡಿಯೇ ಖುದ್ದೂಸ್ ಭಾಯ್ ಮುನ್ನೂರು ಅಂದ.
ಎರಡು ರೂಪಾಯಿ ಚಿಲ್ಲರೆಗೆ ದಿನಾ ಕಾದಾಡುವವಳು
ಎಣಿಸದೆ ಕೊಟ್ಟೆ.
ಅವನ ಸೂಟ್‌ಕೇಸ್ ಮಷೀನಿನ ಮೇಲೆ ಹಚ್ಚಿದೆವು.
ನಮ್ಮ ಜಾಗ ಬಂತು, ಸಲೀಸಾಗಿ ಹೋಯಿತು.
ಖಾಲಿ ಕೈ, ಅಂದುಕೊಳ್ಳುವಷ್ಟರಲ್ಲಿ
ಎರಡನೇ ನುಡಿಯಲ್ಲಿ, ನಾವು ಎಂದೂ ನಿಲ್ಲದ ಕಡೆ,
ಮುಳ್ಳು ಸಿಕ್ಕಿತು.
ಬೇರೆ ಮಾತು. ನಾಲ್ಕು ಸಲ.
ಬೂಟು ನೋಡುತ್ತಿದ್ದವನೂ ತಲೆ ಎತ್ತಿದ.

ಹಿಂದೆ, ಮಾಸಿದ ಅಕ್ಷರ:
ಶಾಂತವೀರ ಮೈಕ್ ಸೆಟ್, ಔರಾದ.

ಅಂದರೆ ಔರಾದದಲ್ಲಿ ಯಾವಳೋ ಒಬ್ಬಳು
ಕೈ ಹಿಟ್ಟಾಗಿ, ಈ ಹೊತ್ತಿಗೆ,
ಅದನ್ನೇ ನಾಲ್ಕು ಸಲ ಅನ್ನುತ್ತಿರಬೇಕು.
ಅವಳ ಮಕ್ಕಳನ್ನೂ ನೋಡಿ ಜನ ನಕ್ಕಿರಬೇಕು.

ಪ್ಲೇಟನ್ನು ಓಢಣಿಯಲ್ಲಿ ಸುತ್ತಿ ಎದ್ದೆ.
ನಾಳೆ ಡಿಪೋದಲ್ಲಿ ಕೇಳಬೇಕು,
ಔರಾದ ರೂಟು ಯಾರಿಗಿದೆ ಅಂತ.